ಕಂದೀಲಿಗೆ ಅಂಟಿಸಿದ ಕೆಂಪು ಕಾಗದ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಆಕಾಶಬುಟ್ಟಿ ತಯಾರಿಕೆ ಶಿಬಿರದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತುಗಳು)



ಓದಿದ ಶಾಲೆಗೆ ಐವತ್ತು ತುಂಬಿದ ಹೊತ್ತಿನಲ್ಲಿ ಇಲ್ಲಿ ನಿಂತು ಮಾತಾಡುವುದು ನನ್ನ ಭಾಗ್ಯ. ನೀವೆಲ್ಲ ಆಕಾಶಬುಟ್ಟಿ ಮಾಡಲು ಕುಳಿತಿದ್ದೀರಿ. ಕತ್ತರಿ ಹಿಡಿಯುವ ಮೊದಲು ಎರಡು ಮಾತು ಕೇಳಿರಿ. ದೀಪದ ಅಂದಕ್ಕೆ ಎರಡು ಸಂಗತಿ ಬೇಕು. ಒಂದು ಛಾಯೆ, ಅಂದರೆ ಬೆಳಕು ಕತ್ತಲೆಯ ಏರಿಳಿತ. ಇನ್ನೊಂದು ಬಣ್ಣ.

ಛಾಯೆ ತಿಳಿಯಬೇಕಾದರೆ ಮುಸ್ಸಂಜೆಗೆ ಶಹಾಪುರದ ಗುಡ್ಡ ನೋಡಿರಿ. ಕಲ್ಲು, ಗಿಡಗಳ ಬಣ್ಣ ಅಳಿದರೂ ಮಲಗಿದ ಬುದ್ಧ ಕಾಣುತ್ತಾನೆ. ಹಿಂದೆ ತಿಳಿ ಆಕಾಶ, ಮುಂದೆ ಕಪ್ಪು ಗುಡ್ಡ. ಆಕಾರ ತೋರಿಸಲು ಅಷ್ಟೇ ಸಾಕು. ಬೀದರಿನ ಬಿದರಿ ಕೆಲಸದಲ್ಲಿ ಕಪ್ಪು ಲೋಹದ ಮೇಲೆ ಬೆಳ್ಳಿ ಎದ್ದು ಕಾಣುವುದೂ ಇದರಿಂದಲೇ.

ಬಣ್ಣ ತಿಳಿಯಲು ಸುರಪುರಕ್ಕೆ ಬರೋಣ. ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಅಲ್ಲಿನ ಚಿತ್ರಕಲೆಗೆ ಚಿನ್ನದ ಕೆಲಸದಿಂದ ಹೆಸರು. ಎಣ್ಣೆದೀಪದ ಮುಂದೆ ಚಿನ್ನವೂ ಕೆಂಪೂ ಅರಳುತ್ತವೆ, ನೀಲಿ ಮಂಕಾಗುತ್ತದೆ. ಉರಿಯಲ್ಲಿ ನೀಲಿಯ ಅಂಶ ಬಹಳ ಕಡಿಮೆ. ಬೆಳಕಿನಲ್ಲಿ ಇಲ್ಲದ ಬಣ್ಣವನ್ನು ಸಾಮಾನ್ಯ ವಸ್ತುಗಳು ಹೊರಗೆ ತೋರಿಸಲಾರವು.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಆಗ ನಾನು ಆರನೇ ತರಗತಿ. ಅಕ್ಕ ಎಸ್‌ಎಸ್‌ಎಲ್‌ಸಿ. ಮನೆಯಲ್ಲಿ ಇದ್ದದ್ದು ಒಂದೇ ಕಂದೀಲು. ಚೆಂದ ಕಾಣಲೆಂದು ಅದರ ಗಾಜಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿದೆ. ಗೋಡೆಯೆಲ್ಲ ಕೆಂಪಾಯಿತು, ನಾನು ಕುಣಿದೆ. ಅಕ್ಕ ಗಣಿತದ ಪಟ್ಟಿ ತೆರೆದು ಸುಮ್ಮನೆ ಕುಳಿತಳು. ಗುರುಗಳು ಕೆಂಪು ಮಸಿಯಲ್ಲಿ ತಿದ್ದಿದ ಗುರುತುಗಳು ಒಂದೂ ಕಾಣುತ್ತಿರಲಿಲ್ಲ. ಬಿಳಿ ಹಾಳೆಯೂ ಕೆಂಪು, ಮಸಿಯೂ ಕೆಂಪು. "ನನ್ನ ತಪ್ಪು ಎಲ್ಲದಾವ ಅಂತ ನಂಗ ಕಾಣವಲ್ದು" ಅಂದಳು. ಬೈಯಲಿಲ್ಲ. ಕಾಗದ ಬಿಚ್ಚಿ, ಗಾಜನ್ನು ಬೂದಿಯಿಂದ ಉಜ್ಜಿ ಮತ್ತೆ ಓದಲು ಕುಳಿತಳು. ನಮ್ಮ ಮನೆತನದಲ್ಲಿ ಹತ್ತನೇ ತರಗತಿ ಪಾಸಾದ ಮೊದಲ ಹೆಣ್ಣುಮಗಳು ಅವಳು.

ಆದ್ದರಿಂದ ಮಕ್ಕಳೇ, ದೀಪ ಯಾತಕ್ಕೆ ಎಂದು ಮೊದಲು ಕೇಳಿಕೊಳ್ಳಿರಿ. ಅಂಗಳದ ಆಕಾಶಬುಟ್ಟಿಗೆ ಗಾಢ ಬಣ್ಣ ಇರಲಿ, ಆದರೆ ನಡುನಡುವೆ ತೆಳು ಹಳದಿ ಕಾಗದ ಬಿಡಿರಿ. ಎಲ್ಲವೂ ಗಾಢವಾದರೆ ಬುಟ್ಟಿಯೇ ಕತ್ತಲಾಗುತ್ತದೆ. ಅಂಚಿಗೆ ಕಪ್ಪು ಪಟ್ಟಿ ಹಚ್ಚಿದರೆ ಪಕ್ಕದ ಬಣ್ಣ ಹೊಳೆಯುತ್ತದೆ. ಓದುವ ದೀಪದ ಮುಸುಕಿಗೆ ಒಳಗೆ ಬಿಳಿಯೇ ಇರಲಿ, ಅದು ಬೆಳಕನ್ನು ಹಾಳೆಯತ್ತ ತಿರುಗಿಸುತ್ತದೆ. ಬಲ್ಬಿನ ಡಬ್ಬಿಯ ಮೇಲಿನ ಅಂಕಿಯನ್ನೂ ನೋಡಿರಿ. 2700 ಕೆಲ್ವಿನ್ ಎಂದರೆ ಹಳದಿ ಬೆಳಕು, 6500 ಎಂದರೆ ನೀಲಿ ಬೆರೆತ ಬಿಳಿ ಬೆಳಕು.

ಇವತ್ತು ಎಷ್ಟು ಬಣ್ಣ ಬೇಕಾದರೂ ಅಂಟಿಸಿರಿ. ಆದರೆ ಅದೇ ಬೆಳಕಿನಲ್ಲಿ ಯಾರಾದರೂ ಓದುವವರಿದ್ದರೆ ಅವರನ್ನು ಒಂದು ಮಾತು ಕೇಳಿ ಅಂಟಿಸಿರಿ.