ಬಾರ್ಡೋಲಿಗೆ ಬಂದ ಓಲೆ

ಸೂರತ್ ಜಿಲ್ಲೆಯ ಬಾರ್ಡೋಲಿ ಎಂದೊಡನೆ ನೆನಪಾಗುವುದು 1928ರ ರೈತ ಸತ್ಯಾಗ್ರಹ. 1931ರಲ್ಲಿ ಅಲ್ಲಿಗೆ ಚೀನೀ ವಿದ್ವಾಂಸರೊಬ್ಬರು ಬಂದರು. ಹೆಸರು ತಾನ್ ಯುನ್‌ಶಾನ್. ಶಾಂತಿನಿಕೇತನದಲ್ಲಿ ಚೀನೀ ಭಾಷೆ ಕಲಿಸಿದ್ದವರು. ಟಿಬೆಟ್ಟಿಗೆ ಹೋಗಿ, ಗಾಂಧೀಜಿಗೆಂದು ದಲಾಯಿ ಲಾಮಾ ಕೊಟ್ಟ ಪತ್ರವನ್ನು ಹೊತ್ತು ತಂದಿದ್ದರು. ಅಹಮದಾಬಾದಿನಿಂದ ‘ನವಜೀವನ’, ‘ಯಂಗ್ ಇಂಡಿಯಾ’ ಪತ್ರಿಕೆಗಳನ್ನು ನಡೆಸುತ್ತಿದ್ದ ಗಾಂಧೀಜಿಗೆ ಬಿಡುವೆಂಬುದೇ ಇರಲಿಲ್ಲ. ಆದರೂ ಬಾರ್ಡೋಲಿಯಲ್ಲಿ ಈ ಅತಿಥಿಗೆ ಸಮಯ ಕೊಟ್ಟರು. ಮುಂದೆ ವರ್ಷಗಟ್ಟಲೆ ಪತ್ರವನ್ನೂ ಬರೆದರು. ನನ್ನನ್ನು ತಟ್ಟುವುದು ಇದೇ. ಚಳವಳಿಯ ಬಿಸಿಯಲ್ಲೂ ನೆರೆನಾಡಿನ ವಿದ್ವತ್ತಿಗೆ ಅವರ ಮನಸ್ಸಿನಲ್ಲಿ ಜಾಗವಿತ್ತು. 1937ರಲ್ಲಿ ಶಾಂತಿನಿಕೇತನದಲ್ಲಿ ಚೀನೀ ಅಧ್ಯಯನ ಕೇಂದ್ರವಾದ ಚೀನಾ ಭವನ ತೆರೆದಾಗ ತಾನ್ ಅದರ ಹೊಣೆ ಹೊತ್ತರು. ಗಾಂಧೀಜಿಯ ಸಮಗ್ರ ಬರಹಗಳ ಸಂಪುಟಗಳು ಗ್ರಂಥಾಲಯದಲ್ಲಿ ಸಿಕ್ಕರೆ, ತಾನ್ ಅವರಿಗೆ ಬರೆದ ಪತ್ರಗಳನ್ನು ಹುಡುಕಿ ಓದಿ.