ಲೋಳೆಬೂಸ್ಟಿನ ಸಂಘಜೀವನ



ಸೃಷ್ಟಿಯಲ್ಲಿ ಆನೆ, ತಿಮಿಂಗಿಲಗಳಂತಹ ಮಹಾಕಾಯಗಳನ್ನು ಕಂಡು ವಿಸ್ಮಯಪಡುವವರು ಬಹುಮಂದಿ. ಕಾಲಡಿಯ ಮಣ್ಣನ್ನು ಕುತೂಹಲದಿಂದ ನೋಡುವವರು ವಿರಳ. ಕೊಳೆತ ಎಲೆಗಳ ಕೆಳಗಿನ ತೇವದ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಅಮೀಬಗಳು ಒಂಟಿಯಾಗಿ ಸಂಚರಿಸುತ್ತ, ಬ್ಯಾಕ್ಟೀರಿಯಾಗಳನ್ನು ಭಕ್ಷಿಸಿ, ಒಂದು ಎರಡಾಗಿ ವೃದ್ಧಿ ಹೊಂದುತ್ತವೆ. ಇವುಗಳಿಗೆ ಲೋಳೆಬೂಸ್ಟು ಎಂದು ಹೆಸರು. ಆದರೆ ನಿಜವಾದ ಬೂಸ್ಟಿನ ಕುಲಕ್ಕೆ ಇವು ಸೇರಿದವುಗಳಲ್ಲ. 1933ರಲ್ಲಿ ಅಮೆರಿಕದ ಉತ್ತರ ಕ್ಯಾರೊಲೈನಾದ ಕಾಡಿನ ತರಗೆಲೆಗಳಲ್ಲಿ ಕೆನೆತ್ ರೇಪರ್ ಎಂಬ ವಿಜ್ಞಾನಿಯು ಕಂಡುಹಿಡಿದ ಡಿಕ್ಟಿಯೊಸ್ಟೀಲಿಯಂ ಡಿಸ್ಕಾಯ್ಡಿಯಂ ಎಂಬುದು ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು.

ಆಹಾರವಿರುವವರೆಗೆ ಒಂದಕ್ಕೆ ಮತ್ತೊಂದರ ಹಂಗಿಲ್ಲ. ಕ್ಷಾಮವು ಬಂದೊಡನೆ ನಡತೆಯೇ ಬದಲಾಗುತ್ತದೆ. ಹಸಿದ ಕೆಲವು ಅಮೀಬಗಳು ಒಂದು ರಾಸಾಯನಿಕ ದ್ರವ್ಯವನ್ನು ಹೊರಸೂಸುತ್ತವೆ. ಅದು ಸೈಕ್ಲಿಕ್ ಎ.ಎಂ.ಪಿ. ಎಂಬುದು 1967ರಲ್ಲಿ ಗೊತ್ತಾಯಿತು. ನೆರೆಯ ಅಮೀಬವು ಆ ಸುಳಿವು ಬಂದ ದಿಕ್ಕಿಗೆ ತೆವಳುವುದಲ್ಲದೆ, ತಾನೂ ಅದೇ ದ್ರವ್ಯವನ್ನು ಸೂಸಿ ಹಿಂದಿನವುಗಳಿಗೆ ವಾರ್ತೆಯನ್ನು ಮುಟ್ಟಿಸುತ್ತದೆ. ಹೀಗೆ ಕೆಲವು ನಿಮಿಷಗಳಿಗೊಮ್ಮೆ ಅಲೆಯ ಮೇಲೆ ಅಲೆ ಹರಡಿ, ಒಡೆಯನೆಂಬವನಿಲ್ಲದೆಯೇ, ಸುಮಾರು ಒಂದು ಲಕ್ಷ ಕೋಶಗಳು ಒಂದೆಡೆ ಕೂಡುತ್ತವೆ. ಆ ರಾಶಿಯು ಒಂದೆರಡು ಮಿಲಿಮೀಟರ್ ಉದ್ದದ ಸಿಂಬಳದ ಹುಳುವಿನ ಆಕಾರವನ್ನು ತಾಳಿ, ಬೆಳಕಿನ ಕಡೆಗೆ ಸರಿದು, ತಕ್ಕ ಸ್ಥಳದಲ್ಲಿ ನಿಂತು ಮೇಲಕ್ಕೇಳುತ್ತದೆ. ಮುಂಭಾಗದಲ್ಲಿದ್ದ ಸುಮಾರು ಐದನೆಯ ಒಂದು ಪಾಲು ಕೋಶಗಳು ದಂಟಾಗಿ ಗಟ್ಟಿಗೊಂಡು ಸಾಯುತ್ತವೆ. ಉಳಿದವುಗಳಲ್ಲಿ ಬಹುಪಾಲು ಆ ದಂಟಿನ ತುದಿಗೇರಿ, ಬೀಜಕಣಗಳಾಗಿ, ಒಳ್ಳೆಯ ಕಾಲವನ್ನು ಎದುರುನೋಡುತ್ತಿರುತ್ತವೆ. ಇಷ್ಟೆಲ್ಲವೂ ಸುಮಾರು ಒಂದು ಹಗಲು ಒಂದು ರಾತ್ರಿಯಲ್ಲಿ ಮುಗಿಯಬಲ್ಲುದು.

ಇಲ್ಲಿ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ. ದಂಟಾಗಿ ಸಾಯತಕ್ಕವು ಯಾವುವು, ಬೀಜವಾಗಿ ಬಾಳತಕ್ಕವು ಯಾವುವು ಎಂಬುದು ಹುಟ್ಟಿನಿಂದಲೇ ನಿಶ್ಚಿತವಾಗಿದೆಯೇ? ಇಲ್ಲ. ತೆವಳುವ ಆಕೃತಿಯನ್ನು ರೇಪರ್ ತುಂಡರಿಸಿ ನೋಡಿದನು. ಬೀಜವಾಗಬೇಕಾಗಿದ್ದ ಹಿಂದಿನ ತುಂಡಿನಲ್ಲಿಯೇ ಕೆಲವು ಕೋಶಗಳು ತಮ್ಮ ಬಗೆಯನ್ನು ಬದಲಾಯಿಸಿ ದಂಟಾದವು. ಮುಂದಿನ ತುಂಡಿಗೆ ಕಾಲಾವಕಾಶ ದೊರೆತರೆ ಅದರಲ್ಲಿಯೂ ಬೀಜಕಣಗಳುಂಟಾದವು. ಆದರೂ ಒಲವೆಂಬುದು ಮೊದಲೇ ಇರುವುದುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ವಿದ್ಯಾನಂದ ನಂಜುಂಡಯ್ಯನವರೂ ಅವರ ಸಂಗಡಿಗರೂ 1996ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಒಳಗೆ ಕ್ಯಾಲ್ಸಿಯಂ ಹೆಚ್ಚಾಗಿರುವ ಅಮೀಬಗಳು ದಂಟಿನ ಕಡೆಗೂ, ಕಡಿಮೆಯಿರುವವು ಬೀಜದ ಕಡೆಗೂ ವಾಲುತ್ತವೆ. ಇದು ಒಲವೇ ಹೊರತು ಹಣೆಯ ಬರೆಹವಲ್ಲ.

ಕೂಡಿದವುಗಳೆಲ್ಲವೂ ಒಂದೇ ತಾಯಿಕೋಶದ ಸಂತಾನವಾದರೆ, ಸಾಯುವವುಗಳ ವಂಶವು ಬದುಕುವವುಗಳಲ್ಲಿ ಮುಂದುವರಿಯುವುದೆಂದು ಸುಲಭವಾಗಿ ಸಮಾಧಾನ ಹೇಳಬಹುದಾಗಿತ್ತು. ಆದರೆ ಇದೇ ತಂಡದವರು ಕರ್ನಾಟಕದ ಗಡಿಗೆ ಹೊಂದಿದ ಮುದುಮಲೈ ಅರಣ್ಯದ ಮಣ್ಣನ್ನೂ ಕಾಡುಪ್ರಾಣಿಗಳ ಲದ್ದಿಯನ್ನೂ ಪರೀಕ್ಷಿಸಿ, ಲೋಳೆಬೂಸ್ಟಿನ ಅನೇಕ ಕೂಟಗಳಲ್ಲಿ ಬೇರೆ ಬೇರೆ ವಂಶದ ಕೋಶಗಳು ಬೆರೆತಿರುವುದನ್ನು 2010ರಲ್ಲಿ ತಿಳಿಸಿದರು. ಬೆಂಗಳೂರಿನ ದಂಡಿನ ಪ್ರದೇಶವನ್ನು ಬಲ್ಲವರಿಗೆ ಇಂತಹ ಕೂಟವು ಅಪರಿಚಿತವಲ್ಲ. ಶಿವಾಜಿನಗರ, ಹಲಸೂರುಗಳಲ್ಲಿ ನಾನಾ ಭಾಷೆಯ, ನಾನಾ ಸೀಮೆಯ ಜನರು ನೆಲೆಸಿದರು; ಬೇರೆಯಾಗಿದ್ದ ದಂಡು ಮತ್ತು ಪೇಟೆಗಳ ಪುರಾಡಳಿತವು 1949ರಲ್ಲಿ ಒಂದಾಯಿತು.

ಹೋಲಿಕೆಗೆ ಮಿತಿಯುಂಟು. ಮನುಷ್ಯನು ಯೋಚಿಸಿ ತ್ಯಾಗಮಾಡಬಲ್ಲನು, ಅಮೀಬಕ್ಕೆ ಮನಸ್ಸಿಲ್ಲ. ಅದರ ಮರಣವನ್ನು ತ್ಯಾಗವೆಂದು ಕೊಂಡಾಡುವುದು ಮನುಷ್ಯನ ಗುಣವನ್ನು ಅದಕ್ಕೆ ಆರೋಪಿಸಿದಂತೆ. ಹಾಗೆಯೇ, ಕೆಲವರು ಹೊರಲು ಹುಟ್ಟಿದವರು, ಕೆಲವರು ಏರಲು ಹುಟ್ಟಿದವರು ಎಂದು ಹೇಳುವವರಿಗೂ ಈ ಜೀವಿಯ ಸಾಕ್ಷ್ಯ ದೊರೆಯದು. ಇಲ್ಲಿ ದಂಟಿಗೂ ಬೀಜಕ್ಕೂ ಬೇರೆ ಬೇರೆ ಜಾತಿಯಿಲ್ಲ; ಹಸಿದ ಹೊತ್ತಿನ ಸ್ಥಿತಿ, ಕೂಡಿದ ಕೂಟ, ನಿಂತ ಸ್ಥಾನ, ಇವುಗಳಿಂದಲೇ ಪ್ರತಿಯೊಂದು ಕೋಶದ ಗತಿಯು ನಿರ್ಣಯವಾಗುತ್ತದೆ. ಹಿಡಿ ಮಣ್ಣಿನ ಈ ವೃತ್ತಾಂತವನ್ನು ಇದ್ದದ್ದು ಇದ್ದಂತೆ ಅರಿಯುವುದೇ ಜ್ಞಾನಕ್ಕೆ ಸಲ್ಲಿಸತಕ್ಕ ಗೌರವವಾಗಿದೆ.