ನೆಲದ ಚೆಲುವೂ ಸಮಾಜದ ಬಾಳ್ವೆಯೂ



ಬಾಗಿಲ ಮುಂದಣ ಮರದ ನೆರಳು, ಕೈಕಾಲು ತೊಳೆಯುವ ಕೊಳ, ದಣಿದವರು ಕುಳಿತುಕೊಳ್ಳುವ ಜಗಲಿ, ಅಲ್ಲಿಗೆ ನಡೆದು ಬರುವ ದಾರಿ, ಇವೆಲ್ಲವೂ ಕೂಡಿಯೇ ಮಠವೆನಿಸುವುದು. ನೆಲ, ನೀರು, ಗಿಡಮರಗಳನ್ನು ಜನರ ಬಾಳಿಗೆ ಒಪ್ಪುವಂತೆ ಅಳವಡಿಸುವ ವಿದ್ಯೆಯನ್ನು ಈಚಿನವರು ಭೂದೃಶ್ಯ ಶಿಲ್ಪವೆಂದು ಕರೆಯುವರು. ಈ ಶಿಲ್ಪದ ಚೆಲುವು ಬರಿಯ ಕಣ್ಣಿನ ಹಬ್ಬವೋ, ಅಥವಾ ಸಮಾಜವು ಒಮ್ಮನದಿಂದ ಬಹುಕಾಲ ಬಾಳುವುದಕ್ಕೂ ನೆರವಾಗಬಲ್ಲುದೋ ಎಂಬುದು ವಿಚಾರಾರ್ಹವಾದ ಪ್ರಶ್ನೆಯು. ಉತ್ತರವನ್ನರಸಿ ದೂರ ಹೋಗಬೇಕಾದುದಿಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಗಳಲ್ಲಿಯೇ ಅದು ದೊರೆಯುವುದು.

೧೯೫೬ರವರೆಗೆ ಕೊಳ್ಳೇಗಾಲವು ಮದರಾಸಿನ ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಯಳಂದೂರು ಮೈಸೂರಿನ ಆಡಳಿತದಲ್ಲಿದ್ದಿತು. ನೆರೆಯ ಊರುಗಳಿಗೆ ದೊರೆತನವೇ ಬೇರೆ. ಆದರೂ ಮಾದಪ್ಪನ ಪರಿಷೆಗೆ ಹೊರಟವರಿಗೆ ಆ ಗಡಿಯು ಗಡಿಯೆನಿಸಲಿಲ್ಲ. ಕೊಳ್ಳೇಗಾಲವನ್ನು ದಾಟಿ, ಹನೂರಿನ ಮೇಲೆ ಹಾದು, ತಾಳಬೆಟ್ಟದಲ್ಲಿ ಮಲೆಯನ್ನೇರುವ ಹಾದಿಯಲ್ಲಿ ಕನ್ನಡ ಸೀಮೆಯವರೂ ತಮಿಳು ಸೀಮೆಯವರೂ ಒಟ್ಟಾಗಿ ನಡೆದರು. ಉಳ್ಳವನೂ ಇಲ್ಲದವನೂ ಒಂದೇ ಮರದ ಕೆಳಗೆ ಬುತ್ತಿ ಬಿಚ್ಚಿದರು. ೭೭ ಮಲೆಯ ಒಡೆಯನೆಂದು ಮಹದೇಶ್ವರನನ್ನು ಕಂಸಾಳೆಯವರು ಹಾಡುವಾಗ ಆ ಬೆಟ್ಟಸಾಲೆಲ್ಲವೂ ಕೇಳುವವರ ಪಾಲಿಗೆ ಒಂದೇ ಗುಡಿಯಾಗುವುದು. ಕಾಗದದ ಮೇಲೆ ಗೆರೆಯೆಳೆದು ಬೇರ್ಪಡಿಸಿದ್ದನ್ನು ನೆಲದ ಮೇಲಣ ಹಾದಿಯು ಕೂಡಿಸಿದ ಬಗೆಯಿದು.

ದೀಪಾವಳಿಯ ಹಾಲರವೆಯನ್ನು ಕಂಡವರಿಗೆ ಈ ಮಾತು ಇನ್ನೂ ಸ್ಪಷ್ಟವಾಗುವುದು. ಬೇಡಗಂಪಣ ಕುಲದ ೧೦೧ ಹೆಣ್ಣುಮಕ್ಕಳು ಕಾಡಿನೊಳಗಿನ ಹಳ್ಳಕ್ಕೆ ಹೋಗಿ, ಕುಂಭಗಳಲ್ಲಿ ನೀರು ತುಂಬಿ, ತಲೆಯ ಮೇಲೆ ಹೊತ್ತು ಸ್ವಾಮಿಯ ಅಭಿಷೇಕಕ್ಕೆ ತರುವರು. ಆ ಸಾಲು ಬರುವ ನೋಟವು ಅತಿ ಮನೋಹರವಾದುದು. ಆದರೆ ಹಳ್ಳವು ಬತ್ತಿದರೆ, ನೀರು ಕೆಟ್ಟರೆ, ಕಾಲುದಾರಿಯು ಮುಚ್ಚಿಹೋದರೆ ಸೇವೆಯೆಲ್ಲಿ ಉಳಿದೀತು? ಹಳ್ಳದ ಶುಚಿಯೂ ದಾರಿಯ ರಕ್ಷಣೆಯೂ ಆ ಮಕ್ಕಳ ತಂದೆತಾಯಿಗಳಿಗೆ ಮನೆಯ ಕಾರ್ಯವಾಗಿರುವುದು. ಯಾರಿಗೆ ಸೇವೆಯಲ್ಲಿ ಪಾಲುಂಟೋ ಅವರಿಗೆ ಕಾಯುವುದರಲ್ಲಿಯೂ ಪಾಲುಂಟು.

ಯಳಂದೂರು ಸೀಮೆಯ ಬಿಳಿಗಿರಿರಂಗನ ಬೆಟ್ಟವು ಇದಕ್ಕೇ ಇನ್ನೊಂದು ಸಾಕ್ಷಿಯಾಗಿದೆ. ಅಲ್ಲಿಯ ಭಾರ್ಗವಿ ಹೊಳೆಯ ಬದಿಯ ದೊಡ್ಡಸಂಪಿಗೆಯು ಸೋಲಿಗರ ಪಾಲಿಗೆ ಸಾಕ್ಷಾತ್ ದೇವರೇ. ಬೆಟ್ಟದ ರಂಗನಾಥನನ್ನು ಅವರು ತಮ್ಮ ಹೆಣ್ಣನ್ನು ಕೈಹಿಡಿದ ಭಾವನೆಂದೇ ಕರೆಯುವರು. ದೇವರಿಗೆ, ಮಾರಿಗೆ, ವೀರರಿಗೆ ಮೀಸಲಾದ ನೂರಾರು ತಾಣಗಳು ಆ ಅಡವಿಯಲ್ಲುಂಟು. ೧೯೭೪ರಲ್ಲಿ ಅಡವಿಯು ವನ್ಯಜೀವಿಧಾಮವಾದಾಗ ಸೋಲಿಗರು ಒಳಗಿನ ನೆಲೆಗಳನ್ನು ಬಿಡಬೇಕಾಯಿತು. ತರಗೆಲೆಗೆ ಬೇಸಗೆಯ ಮೊದಲಲ್ಲಿ ಸಣ್ಣ ಬೆಂಕಿಯಿಡುವ ಹಳೆಯ ಪದ್ಧತಿಯೂ ನಿಂತಿತು. ಆ ಬಳಿಕವೇ ಲಾಂಟಾನ ಪೊದೆಯು ಅಡವಿಯನ್ನು ನುಂಗಿತೆಂದು ಅವರ ಹಿರಿಯರು ಹೇಳುವರು. ಅರಣ್ಯ ಹಕ್ಕುಗಳ ಕಾಯಿದೆಯಂತೆ ೨೦೧೧ರಲ್ಲಿ ಅಲ್ಲಿಯ ಹಲವು ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಗಳು ದೊರೆತುವು. ಕಾಡನ್ನು ಚೆಲುವೆಂದು ಉಳಿಸಹೊರಟವರು ಅದನ್ನು ಚೆಲುವಾಗಿಟ್ಟವರನ್ನೇ ಹೊರಗೆ ನಿಲ್ಲಿಸಿದುದು ಎಂತಹ ಮರೆವು!

ಪಟ್ಟಣಗಳಿಗೂ ಈ ನ್ಯಾಯವು ಸಲ್ಲುವುದು. ೧೯೧೪ರಲ್ಲಿ ಭಾರತಕ್ಕೆ ಬಂದು ಅನೇಕ ಊರುಗಳ ಸುಧಾರಣೆಗೆ ವರದಿಗಳನ್ನು ಬರೆದುಕೊಟ್ಟ ಸ್ಕಾಟ್ಲೆಂಡಿನ ಪಂಡಿತ ಪ್ಯಾಟ್ರಿಕ್ ಗೆಡ್ಡೀಸನು, ಊರ ಕೆರೆಕೊಳಗಳನ್ನು ಹೂಳಬೇಡಿರಿ, ಶುಚಿಮಾಡಿ ಉಳಿಸಿಕೊಳ್ಳಿರಿ ಎಂದೇ ವಾದಿಸಿದನು. ಜನರು ಕೂಡುವ ಎಡೆಯನ್ನು ಅಳಿಸಿದರೆ ಕೂಡುವ ರೂಢಿಯೂ ಅಳಿಯುವುದೆಂಬುದರಲ್ಲಿ ಸಂದೇಹವೇನು?

ಆದುದರಿಂದ ಮಠದ ಅಂಗಳವನ್ನಾಗಲಿ, ಊರ ಕಟ್ಟೆಯನ್ನಾಗಲಿ ಸಿಂಗರಿಸುವವರು ಕೆಲವು ಸಂಗತಿಗಳನ್ನು ಮೊದಲು ವಿಚಾರಿಸುವುದು ಯುಕ್ತವು. ಮುಪ್ಪಿನವರು ಕೈಯಾಸರೆಯಿಲ್ಲದೆ ಅಲ್ಲಿಗೆ ಬರಬಲ್ಲರೇ? ಕೂಸನ್ನೆತ್ತಿದ ತಾಯಿಗೆ ನಡುಹಗಲಿನಲ್ಲಿ ನೆರಳುಂಟೇ? ಬಾಯಾರಿದವನು ಯಾರನ್ನೂ ಬೇಡದೆ ನೀರು ಕುಡಿಯಬಹುದೇ? ಯಾವ ಕುಲದವನೆಂದು ಕೇಳಿಸಿಕೊಳ್ಳದೆ ಯಾರಾದರೂ ಕುಳಿತುಕೊಳ್ಳಬಹುದೇ? ಇವಕ್ಕೆ ಹೌದೆಂಬ ಉತ್ತರವಿಲ್ಲದಿದ್ದರೆ ಬೆಲೆಬಾಳುವ ಹಾಸುಗಲ್ಲೂ ಬೇಲಿಯೊಳಗಿನ ಹೂದೋಟವೂ ವ್ಯರ್ಥವೇ ಸರಿ. ಬಂದವರು ಎಸೆದುಹೋದ ಕಸದ ನಡುವೆ ಎಂತಹ ಶಿಲ್ಪವೂ ಮಾಸುವುದು. ತಮ್ಮದೆಂದು ತಿಳಿದವರ ಕೈಯಲ್ಲಿ ಒಂದು ಹೊಂಗೆಯ ಮರವೂ ಮಂಟಪವಾಗುವುದು.

ಕಾಯಕ ದಾಸೋಹಗಳ ಧರ್ಮವನ್ನು ನಂಬಿದವರಿಗೆ ಇದು ಹೊಸತಲ್ಲ. ಗಿಡ ನೆಟ್ಟು ನೀರೆರೆಯುವುದು ಕಾಯಕವು. ಅದರ ನೆರಳನ್ನು ಎಲ್ಲರಿಗೂ ಬಿಟ್ಟುಕೊಡುವುದು ದಾಸೋಹವು. ಈ ಮಹೋತ್ಸವದ ನೆನಪಿಗಾಗಿ ಭಕ್ತರ ಒಂದೊಂದು ಹಳ್ಳಿಯೂ ಮಠಕ್ಕೆ ಬರುವ ದಾರಿಯ ಒಂದೊಂದು ಭಾಗವನ್ನು ವಹಿಸಿಕೊಂಡು, ಮರ ಬೆಳೆಸಿ, ಕಟ್ಟೆ ಕಟ್ಟಿ, ವರ್ಷವರ್ಷವೂ ಕಾಪಾಡಿದಲ್ಲಿ, ಮುಂದಿನ ಉತ್ಸವಕ್ಕೆ ಬರುವ ಮೊಮ್ಮಕ್ಕಳು ಆ ನೆರಳಿನಲ್ಲಿಯೇ ನಡೆದು ಬಂದಾರು.